ಇಸಿ ಓದಿದವಳಿಗೆ ಖಗೋಳ ವಿಜ್ಞಾನದ ದಾರಿ ಇದೆಯಾ? ಮುಳ್ಳೇರಿಯಾದಿಂದ ಒಂದು ಪ್ರಶ್ನೆ

ಕಂಕಣ2019:

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯಾ ಹತ್ತಿರ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈಗ ಬಿ.ಟೆಕ್ ಕೊನೆಯ ವರ್ಷ, ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್. ಕಳೆದ ತಿಂಗಳು ಕ್ಯಾಂಪಸ್ಸಿನಲ್ಲಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕೆಲಸ ಸಿಕ್ಕಿತು. ಮುಂದಿನ ಜುಲೈಯಲ್ಲಿ ಸೇರಬೇಕು. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ.

ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಮೇಲೇ ಹಾದುಹೋಯಿತಲ್ಲ, ಆಗ ನಾನು ಹತ್ತನೇ ಕ್ಲಾಸ್. ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಾವು ಮನೆಯಲ್ಲೇ ಇದ್ದೆವು. ಅಜ್ಜಿ ನೀರಿನ ಕೊಡಕ್ಕೆ, ಮೊಸರಿನ ಪಾತ್ರೆಗೆ ದರ್ಭೆ ಹಾಕಿ ಒಳಗೆ ಕೂತಿದ್ದರು. ನಾನು ಶಾಲೆಯಲ್ಲಿ ಕೊಟ್ಟ ಗ್ರಹಣದ ಕನ್ನಡಕ ಹಿಡಿದುಕೊಂಡು ಅಂಗಳಕ್ಕೆ ಬಂದೆ. ಒಂಬತ್ತೂಕಾಲು ದಾಟಿತ್ತು. ಬಿಸಿಲಿಗೆ ಬಣ್ಣವೇ ಇಲ್ಲದ ಹಾಗಾಯಿತು. ಕನ್ನಡಕ ತೆಗೆದು ಕೆಳಗೆ ನೋಡಿದೆ. ಮಾವಿನ ಎಲೆಗಳ ಸಂದಿನಿಂದ ಬಿದ್ದ ಬಿಸಿಲು, ಒಣಹಾಕಿದ ಅಡಿಕೆಯ ಮೇಲೆಲ್ಲ ಸಣ್ಣ ಸಣ್ಣ ಬಳೆಗಳಾಗಿ ಕೂತಿತ್ತು. ನೂರಾರು ಬಳೆ. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಅಲುಗಾಡುತ್ತಿದ್ದವು. ಸುಮಾರು ಮೂರು ನಿಮಿಷ ಅಷ್ಟೇ. ಆಮೇಲೆ ಒಂದೊಂದು ಬಳೆಯೂ ಒಂದೇ ಬದಿಯಲ್ಲಿ ಒಡೆದು ಕುಡುಗೋಲಿನ ಹಾಗಾಯಿತು. ನಾನು ಅಜ್ಜಿಯನ್ನು ಕರೆದೆ, ಅವರು ಬರಲಿಲ್ಲ. ಅವತ್ತಿನಿಂದ ನನಗೆ ಇದೊಂದೇ ಆಸೆ.

ಆದರೆ ಪ್ಲಸ್ ಟು ಆದ ಮೇಲೆ ಬಿಎಸ್ಸಿಗೆ ಹೋಗುವ ಧೈರ್ಯ ಬರಲಿಲ್ಲ. ಎಂಟ್ರೆನ್ಸ್‌ನಲ್ಲಿ ಸೀಟ್ ಸಿಕ್ಕಿತು, ಸೇರಿದೆ. ಈಗ ಅಂಕ 7.9. ಮೂರನೇ ಸೆಮಿಸ್ಟರಿನಲ್ಲಿ ಮ್ಯಾತ್ಸ್ ಒಂದು ಸಲ ಫೇಲಾಗಿ ಆಮೇಲೆ ಪಾಸಾಗಿದೆ. ಭೌತಶಾಸ್ತ್ರ ಅಂತ ಓದಿದ್ದು ಮೊದಲ ವರ್ಷ ಒಂದೇ ಪೇಪರ್. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ, ಈ ಸಲ ಕೊಳೆರೋಗಕ್ಕೆ ಅರ್ಧ ಹೋಯಿತು. ಬ್ಯಾಂಕಿನ ಸಾಲ ಮೂರು ಲಕ್ಷ ಚಿಲ್ಲರೆ ಇದೆ. ತಮ್ಮ ಪ್ಲಸ್ ಟುನಲ್ಲಿ ಓದುತ್ತಿದ್ದಾನೆ.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ನನ್ನ ಡಿಗ್ರಿಯಿಂದ ನೇರ ಪಿಎಚ್‌ಡಿಗೆ ಹೋಗಬಹುದಾ, ಇಲ್ಲ ಮತ್ತೆ ಎಂಎಸ್ಸಿ ಮಾಡಬೇಕಾ? ಈ ನಾಲ್ಕು ವರ್ಷ ಕಲಿತದ್ದೆಲ್ಲ ಸುಮ್ನೆ ಹೋಯಿತಾ? ಇನ್ನೊಂದು, ಇದನ್ನು ಕೇಳಲು ನಾಚಿಕೆ. ಗ್ರಹಣ ನೋಡಿ ಹುಟ್ಟಿದ ಆಸೆಯನ್ನು ನಂಬಿ ಕೆಲಸ ಬಿಡಬಹುದಾ? ದಯವಿಟ್ಟು ಗೊತ್ತಿದ್ದವರು ಹೇಳಿ.


ಪೆರ್ಲದವಳು:

ತಂಗಿ, ನಾನು ಪೆರ್ಲದ ಹತ್ತಿರದವಳು, ನಾನೂ ಇಸಿ. ಬಿ.ಇ. ಆದ ಮೇಲೆ ಎರಡು ವರ್ಷ ಬೆಂಗಳೂರಿನಲ್ಲಿ ಟೆಲಿಕಾಂ ಕೆಲಸ ಮಾಡಿದೆ. ಆಮೇಲೆ ಪುಣೆಯಲ್ಲಿ ರೇಡಿಯೋ ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿ. ಈಗಲೂ ಪಲ್ಸಾರ್‌ಗಳ ಮೇಲೇ ಕೆಲಸ, ಅಂದರೆ ತಿರುಗುತ್ತ ರೇಡಿಯೋ ಮಿಡಿತ ಕಳಿಸುವ ನಕ್ಷತ್ರಗಳು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಬೇಡ.

ಮೊದಲು ದಾರಿಯ ವಿಷಯ. ನೇರ ಹೋಗಬಹುದು. ಪುಣೆಯ ಎನ್‌ಸಿಆರ್‌ಎ (ರೇಡಿಯೋ ಖಗೋಳ ವಿಜ್ಞಾನದ ರಾಷ್ಟ್ರೀಯ ಕೇಂದ್ರ) ಮತ್ತು ಐಯುಕಾ (ವಿಶ್ವವಿದ್ಯಾಲಯಗಳಿಗಾಗಿ ಇರುವ ಖಗೋಳ ವಿಜ್ಞಾನ ಕೇಂದ್ರ), ಬೆಂಗಳೂರಿನ ಐಐಎಸ್ಸಿಯಲ್ಲಿ 1982ರಿಂದ ನಡೆಯುತ್ತಿರುವ ಜಾಯಿಂಟ್ ಅಸ್ಟ್ರಾನಮಿ ಪ್ರೋಗ್ರಾಂ, ಇಲ್ಲೆಲ್ಲ ಎಂಜಿನಿಯರಿಂಗ್ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಪ್ರವೇಶ ಪರೀಕ್ಷೆಗಳು ಜೆಸ್ಟ್ (ಹಲವು ಸಂಸ್ಥೆಗಳು ಸೇರಿ ನಡೆಸುವುದು), ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ಜಿಎಸ್, ಐಯುಕಾದ್ದೇ ಆದ ಐನಾಟ್. ಗೇಟ್ ಭೌತಶಾಸ್ತ್ರದ ಪೇಪರನ್ನೂ ಕೆಲವು ಕಡೆ ನೋಡುತ್ತಾರೆ. ಟಿಐಎಫ್‌ಆರ್ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಗೇಟ್ ಫೆಬ್ರವರಿಯಲ್ಲಿ, ಜೆಸ್ಟ್ ಅದರ ಆಚೀಚೆ. ಪ್ರತಿ ವರ್ಷದ ಪ್ರಕಟಣೆಯಲ್ಲಿ ಅರ್ಹತೆಯ ಸಾಲನ್ನು ನೀನೇ ಓದು. ಯಾರೋ ಹೇಳಿದರು ಅಂತ ಬಿಡಬೇಡ. ನನಗೆ ಒಂದು ಕಡೆ ಫೋನಿನಲ್ಲಿ "ಬಿ.ಇ.ಯವರಿಗೆ ಆಗುವುದಿಲ್ಲ" ಅಂದರು. ಅವರದೇ ಪ್ರಕಟಣೆಯಲ್ಲಿ ಆಗುತ್ತದೆ ಅಂತ ಇತ್ತು. ನಾನು ಫೋನಿನ ಮಾತು ನಂಬಿ ಒಂದು ವರ್ಷ ಕಳೆದುಕೊಂಡೆ.

ಬಾಗಿಲು ತೆರೆದಿದೆ ಅಂದರೆ ಒಳಗೆ ಹೋಗುವುದು ಸುಲಭ ಅಂತಲ್ಲ. ಪರೀಕ್ಷೆ ಭೌತಶಾಸ್ತ್ರದ್ದು. ನಮಗೆ ಯಾವ ರಿಯಾಯಿತಿಯೂ ಇಲ್ಲ. ನನ್ನ ಮೊದಲ ಇಂಟರ್‌ವ್ಯೂ ಹೇಳುತ್ತೇನೆ. ಬೋರ್ಡಿನ ಹತ್ತಿರ ನಿಲ್ಲಿಸಿದರು. "ಎರಡು ಆಂಟೆನಾಗಳ ನಡುವಿನ ದೂರ ಜಾಸ್ತಿ ಮಾಡಿದರೆ ಏನಾಗುತ್ತದೆ?" ಖುಷಿಯಿಂದ ಬರೆದೆ. ಆಕಾಶದ ಚಿತ್ರಕ್ಕೂ ಆಂಟೆನಾ ಜೋಡಿಗಳು ಅಳೆಯುವುದಕ್ಕೂ ಇರುವ ಸಂಬಂಧ ಫೂರಿಯೆ ಟ್ರಾನ್ಸ್‌ಫಾರ್ಮ್, ಸಿಗ್ನಲನ್ನು ಬೇರೆ ಬೇರೆ ಅಲೆಗಳಾಗಿ ಬಿಡಿಸುವ ಗಣಿತ. ಅದು ನಮ್ಮ ಮೂರನೇ ವರ್ಷದ ಪಾಠ, ಅಲ್ವಾ? ಮುಂದಿನ ಪ್ರಶ್ನೆ, "ಹೈಡ್ರೋಜನ್ ಪರಮಾಣು ಯಾಕೆ 21 ಸೆಂ.ಮೀ. ಅಲೆಯನ್ನು ಕೊಡುತ್ತದೆ?" ಸಂಖ್ಯೆ ಬಾಯಿಪಾಠ ಇತ್ತು, 1420 ಮೆಗಾಹರ್ಟ್ಸ್. ಕಾರಣ ಗೊತ್ತಿರಲಿಲ್ಲ. ಪ್ರೋಟಾನಿನ ಸ್ಪಿನ್ನೂ ಎಲೆಕ್ಟ್ರಾನಿನ ಸ್ಪಿನ್ನೂ ಒಂದೇ ದಿಕ್ಕಿನಲ್ಲಿರುವಾಗ ಇರುವ ಶಕ್ತಿ, ಎದುರುಬದುರಾದಾಗ ಇರುವುದಕ್ಕಿಂತ ತುಸು ಜಾಸ್ತಿ, ಆ ವ್ಯತ್ಯಾಸವೇ ಆ ಅಲೆ. ಇಷ್ಟು ಹೇಳಲು ಆಗಲಿಲ್ಲ. ಚಾಕ್ ಹಿಡಿದು ನಿಂತೆ. ಅವರು ಕೆಟ್ಟ ಮಾತು ಒಂದೂ ಆಡಲಿಲ್ಲ. "ಕ್ವಾಂಟಂ ಸರಿಯಾಗಿ ಓದಿ ಬನ್ನಿ" ಅಂದರು. ವಾಪಸ್ ಬಂದೆ.

ಆಮೇಲೆ ನಾಲ್ಕು ನೋಟ್‌ಬುಕ್ ತಂದೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಾಮಿಕ್ಸ್, ಕ್ವಾಂಟಂ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್. ಬೆಳಿಗ್ಗೆ ಐದರಿಂದ ಏಳು, ಆಮೇಲೆ ಆಫೀಸು. ವೀಡಿಯೋ ನೋಡಿ ತಲೆ ಆಡಿಸಿದ್ದು ಓದು ಅಲ್ಲ ಅಂತ ನನಗೆ ಒಂದು ತಿಂಗಳಾದ ಮೇಲೆ ಗೊತ್ತಾಯಿತು. ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠ ಕೇಳು, ತುಂಬ ಒಳ್ಳೆಯವಿವೆ, ಆದರೆ ಪ್ರತಿ ಪಾಠಕ್ಕೆ ಹತ್ತು ಲೆಕ್ಕ ಪೆನ್ಸಿಲಿನಲ್ಲಿ ಬಿಡಿಸಲೇಬೇಕು. ನಿನಗೆ ಎಲೆಕ್ಟ್ರೋಡೈನಾಮಿಕ್ಸ್ ಬೇಗ ಆಗುತ್ತದೆ. ಟ್ರಾನ್ಸ್‌ಮಿಷನ್ ಲೈನ್, ವೇವ್‌ಗೈಡ್ ಎಲ್ಲ ಕೈಗೆ ಪರಿಚಯ ಇದೆಯಲ್ಲ. ಕ್ವಾಂಟಂ ನನಗೆ ಐದು ತಿಂಗಳು ತಿಂದಿತು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ನಾವು ಎಂಜಿನಿಯರಿಂಗಿನವರು ಕೊನೆಗೆ ಇಟ್ಟುಕೊಂಡು ಬಿಟ್ಟೇಬಿಡುತ್ತೇವೆ. ಬಿಡಬೇಡ. ಹಾಂ, ಮೂರನೇ ಸೆಮಿಸ್ಟರ್ ಮ್ಯಾತ್ಸ್ ಫೇಲಾದದ್ದನ್ನು ನನ್ನ ಪರಿಚಯದಲ್ಲಿ ಯಾರಿಗೂ ಇಂಟರ್‌ವ್ಯೂನಲ್ಲಿ ಕೇಳಿಲ್ಲ. ಎದುರಿಗೆ ನಿಂತು ಲೆಕ್ಕ ಬಿಡಿಸುತ್ತೀಯಾ ಅಂತ ನೋಡುತ್ತಾರೆ.

ಈಗ ನಿನ್ನ ಎರಡನೇ ಪ್ರಶ್ನೆ. ಕಲಿತದ್ದು ಸುಮ್ನೆ ಹೋಯಿತಾ ಅಂತ. ಇದಕ್ಕೆ ನನ್ನ ಮೊದಲ ರಾತ್ರಿ ಪಾಳಿ ಹೇಳಬೇಕು.

ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ನಾರಾಯಣಗಾಂವ್, ಅಲ್ಲಿಂದ ಒಳಗೆ ಖೊಡದ ಅಂತ ಊರು. ಸುತ್ತ ದ್ರಾಕ್ಷಿ, ಈರುಳ್ಳಿ, ಟೊಮೆಟೊ ಬೆಳೆಯುತ್ತಾರೆ. ಅಲ್ಲೇ ಜಿಎಂಆರ್‌ಟಿ, ಎನ್‌ಸಿಆರ್‌ಎಯ ದೊಡ್ಡ ರೇಡಿಯೋ ದೂರದರ್ಶಕ. ಒಂದೊಂದು 45 ಮೀಟರ್ ಅಗಲದ 30 ಡಿಶ್‌ಗಳು. 14 ಮಧ್ಯದಲ್ಲಿ ಹತ್ತಿರ ಹತ್ತಿರ, ಉಳಿದ 16 ಇಂಗ್ಲಿಷಿನ ವೈ ಅಕ್ಷರದ ಹಾಗೆ ಮೂರು ಕೈಗಳಲ್ಲಿ ಹಳ್ಳಿಗಳ ನಡುವೆ ಹರಡಿವೆ. ಡಿಶ್ ಅಂದರೆ ತಗಡು ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ತೆಳ್ಳಗಿನ ಸ್ಟೀಲ್ ತಂತಿಯ ಬಲೆ, ಆಚೆ ಕಡೆಯ ಮೋಡ ಕಾಣುತ್ತದೆ. ಗಾಳಿ ಅದರ ಒಳಗಿಂದಲೇ ಹೋಗುತ್ತದೆ, ಹಾಗಾಗಿ ಅಷ್ಟು ದೊಡ್ಡ ಡಿಶ್ಶನ್ನು ಕಡಿಮೆ ಉಕ್ಕಿನಲ್ಲಿ ನಿಲ್ಲಿಸಲು ಆಯಿತು. ಇದು ಗೋವಿಂದ ಸ್ವರೂಪ್ ಅವರ ತಂಡದ ಯೋಚನೆ. ಅದಕ್ಕೂ ಮೊದಲು ಅವರು ಊಟಿಯ ಹತ್ತಿರ ಮುತ್ತೊರೆಯಲ್ಲಿ ಬೆಟ್ಟದ ಇಳಿಜಾರಿನ ಮೇಲೇ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿದ್ದರು, 1970ರಲ್ಲಿ. ಇಳಿಜಾರು ಅಲ್ಲಿಯ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಅದರಿಂದ ದೂರದರ್ಶಕವನ್ನು ಒಂದೇ ಅಕ್ಷದ ಮೇಲೆ ತಿರುಗಿಸುತ್ತ ಹೋದರೆ ಸಾಕು, ನಕ್ಷತ್ರ ಕೈತಪ್ಪುವುದಿಲ್ಲ. ನಮ್ಮ ಕಡೆಯಿಂದ ಊಟಿಗೆ ಹೋಗುವವರು ಅದನ್ನು ನೋಡದೆ ಬರುವುದು ನನಗೆ ಈಗಲೂ ಸಂಕಟ.

ಪಾಳಿಯಲ್ಲಿ ಅವತ್ತು ನೋಡುತ್ತಿದ್ದದ್ದು ಬಿ0329+54 ಅನ್ನುವ ಪಲ್ಸಾರ್. 0.71 ಸೆಕೆಂಡಿಗೆ ಒಂದು ಮಿಡಿತ, ನಿಮಿಷಕ್ಕೆ ಸುಮಾರು 84. ಸುಮ್ನೆ ಕೂತ ಮನುಷ್ಯನ ನಾಡಿಗಿಂತ ಸ್ವಲ್ಪ ಜೋರು. ಸ್ಕ್ರೀನಿನಲ್ಲಿ ಅಡ್ಡಕ್ಕೆ ಸಮಯ, ಉದ್ದಕ್ಕೆ ಫ್ರೀಕ್ವೆನ್ಸಿ, 250ರಿಂದ 500 ಮೆಗಾಹರ್ಟ್ಸ್. ಮಿಡಿತ ನೆಟ್ಟಗೆ ನಿಲ್ಲುವ ಬದಲು ವಾಲಿದ ಬಾಲದ ಹಾಗೆ ಕಾಣುತ್ತಿತ್ತು. 500ರ ತುದಿಯಲ್ಲಿ ಮೊದಲು ಬರುತ್ತದೆ, 250ರ ತುದಿಗೆ ಬರುವಾಗ ಸುಮಾರು 1.3 ಸೆಕೆಂಡ್ ತಡ. ಅಷ್ಟರಲ್ಲಿ ಮೇಲಿನ ತುದಿಯಲ್ಲಿ ಮುಂದಿನ ಮಿಡಿತವೂ ಬಂದಿರುತ್ತದೆ. ಪಕ್ಕದಲ್ಲಿದ್ದ ಸೀನಿಯರ್ ಕೇಳಿದರು, "ಯಾಕೆ ಹೀಗೆ?" ದಾರಿಯುದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳು ಕಡಿಮೆ ಫ್ರೀಕ್ವೆನ್ಸಿಯನ್ನು ಜಾಸ್ತಿ ನಿಧಾನ ಮಾಡುತ್ತವೆ ಅಂದೆ. "ಸರಿ, ಇದನ್ನು ನೆಟ್ಟಗೆ ಮಾಡುವುದು ಹೇಗೆ?"

ಅಲ್ಲಿ ನನಗೆ ಹೊಳೆಯಿತು. ಇದು ಆಲ್-ಪಾಸ್ ಫಿಲ್ಟರ್! ಯಾವ ಫ್ರೀಕ್ವೆನ್ಸಿಯನ್ನೂ ನುಂಗುವುದಿಲ್ಲ, ಒಂದೊಂದರ ಫೇಸನ್ನು ಒಂದೊಂದು ಥರ ತಿರುಗಿಸುತ್ತದೆ ಅಷ್ಟೇ. ಎಷ್ಟು ತಿರುಗಿಸುತ್ತದೆ ಅನ್ನುವುದಕ್ಕೆ ಸೂತ್ರ ಇದೆ. ಹಾಗಿದ್ದರೆ ಸಿಗ್ನಲ್‌ನ ಎಫ್‌ಎಫ್‌ಟಿ (ಕಂಪ್ಯೂಟರಿನಲ್ಲಿ ಬೇಗ ಮಾಡುವ ಫೂರಿಯೆ ಟ್ರಾನ್ಸ್‌ಫಾರ್ಮ್) ತೆಗೆದು, ಅದೇ ಫಿಲ್ಟರಿನ ವಿಲೋಮದಿಂದ ಗುಣಿಸಿ, ವಾಪಸ್ ತಂದರೆ ಆಯಿತು. ಸಾವಿರಾರು ಜ್ಯೋತಿರ್ವರ್ಷದ ದಾರಿ ಮಾಡಿದ್ದನ್ನು ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗಿನ (ಡಿಎಸ್‌ಪಿ) ಒಂದು ಅಧ್ಯಾಯ ಬಿಡಿಸುತ್ತದೆ. ನಾನು ಬೋರ್ಡಿನಲ್ಲಿ ಬರೆದು ತೋರಿಸಿದೆ. ಜೊತೆಗಿದ್ದ ಎಂಎಸ್ಸಿ ಗೆಳತಿಗೆ ಆ ಸಮೀಕರಣ ಗೊತ್ತಿತ್ತು, ಫಿಲ್ಟರ್ ಅಂತ ಯೋಚನೆ ಬಂದಿರಲಿಲ್ಲ. ಕ್ವಾಂಟಂನಲ್ಲಿ ಅವಳು ನನಗೆ ಕಲಿಸಿದ್ದಕ್ಕೆ ಲೆಕ್ಕ ಇಲ್ಲ. ಅವತ್ತು ನಾನು ಅವಳಿಗೆ ಹೇಳಿಕೊಟ್ಟೆ.

ತಂಗಿ, ನೀನು ನಾಲ್ಕು ವರ್ಷ ಕಲಿತದ್ದು ಈ ಕೆಲಸದ ಅರ್ಧ. ಆಕಾಶದಿಂದ ರೇಡಿಯೋ ಅಲೆ ಬರುತ್ತದೆ ಅಂತ 1930ರ ದಶಕದ ಆರಂಭದಲ್ಲಿ ಕಂಡುಹಿಡಿದ ಕಾರ್ಲ್ ಜಾನ್‌ಸ್ಕಿ ಬೆಲ್ ಲ್ಯಾಬ್ಸ್‌ನಲ್ಲಿದ್ದವರು, ಟೆಲಿಫೋನಿನಲ್ಲಿ ಬರುವ ಕರಕರ ಸದ್ದು ಎಲ್ಲಿಂದ ಅಂತ ಹುಡುಕುತ್ತಿದ್ದರು. 1937ರಲ್ಲಿ ಮನೆಯ ಹಿತ್ತಲಲ್ಲಿ ಡಿಶ್ ಕಟ್ಟಿದ ಗ್ರೋಟ್ ರೆಬರ್ ರೇಡಿಯೋ ಎಂಜಿನಿಯರ್. ಉಳಿದ ಅರ್ಧ ಭೌತಶಾಸ್ತ್ರ, ಅದಕ್ಕೆ ಒಂದೂವರೆ ವರ್ಷ ಗಟ್ಟಿಯಾಗಿ ಕೂರಬೇಕು.

ಕೆಲಸದ ಬಗ್ಗೆ ನನ್ನ ಮಾತು, ಸೇರು. ಈ ಸಲದ ಪರೀಕ್ಷೆಗಳನ್ನು ಪೇಪರ್ ಹೇಗಿರುತ್ತದೆ ಅಂತ ನೋಡಲು ಬರೆ. ಜುಲೈಯಲ್ಲಿ ಕೆಲಸಕ್ಕೆ ಹೋಗು, ಸಾಲ ಇಳಿಸು, ಬೆಳಿಗ್ಗೆ ಓದು. ಎರಡು ವರ್ಷ ಮಾತ್ರ. ಮೂರನೇ ವರ್ಷಕ್ಕೆ ಸಂಬಳ ಏರುತ್ತದೆ, ಆಮೇಲೆ ಎದ್ದು ಬರುವುದು ಕಷ್ಟ. ನನ್ನ ಜೊತೆ ಓದಲು ಶುರು ಮಾಡಿದ ಇಬ್ಬರು ಹಾಗೇ ಉಳಿದರು.


ತಲಪಾಡಿ ಮೆಕ್ಯಾನಿಕಲ್:

ಪೆರ್ಲದ ಅಕ್ಕ ರೇಡಿಯೋ ಹೇಳಿದರು, ನಾನು ಇನ್ನೊಂದು ಬದಿ ಸೇರಿಸುತ್ತೇನೆ. ದೂರದರ್ಶಕ ಕಟ್ಟುವ ವಿದ್ಯೆಯೇ ಒಂದು ಓದು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಖಗೋಳ ಉಪಕರಣಗಳ ಮೇಲೆ ಎಂ.ಟೆಕ್-ಪಿಎಚ್‌ಡಿ ಇದೆ, ಎಂಜಿನಿಯರಿಂಗಿನವರಿಗೆ ಸರಿಯಾಗಿ ಹೊಂದುತ್ತದೆ. ಆದಿತ್ಯ-ಎಲ್1ರಲ್ಲಿ ಸೂರ್ಯನ ಕರೋನಾ (ಹೊರ ವಾತಾವರಣ) ನೋಡುವ ವಿಇಎಲ್‌ಸಿ ಉಪಕರಣ ಕಟ್ಟಿದ್ದು ಅವರೇ.

ನಾನು ಮೆಕ್ಯಾನಿಕಲ್. ಕನ್ನಡಿ ಹಿಡಿಯುವ ಚೌಕಟ್ಟು ನನ್ನ ಕೆಲಸ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 2.34 ಮೀಟರ್ ಕನ್ನಡಿಯನ್ನು ಮೊದಲ ಸಲ ನೋಡಿದಾಗ ಅಲ್ಲಿಯವರು ಹೇಳಿದ್ದು ಮರೆತಿಲ್ಲ. ದೂರದರ್ಶಕ ವಾಲಿದಾಗ ಕನ್ನಡಿ ತನ್ನ ಭಾರಕ್ಕೇ ಬಾಗುತ್ತದೆ. ಬಾಗಿದ್ದು ಕೂದಲಿನ ನೂರನೇ ಒಂದು ಪಾಲಾದರೂ ನಕ್ಷತ್ರ ಕದಡುತ್ತದೆ. ಹಾಗಾಗಿ ಕೆಳಗಿನಿಂದ ಹಲವು ಕಡೆ ಆಧಾರ ಕೊಟ್ಟು, ಎಲ್ಲೂ ಹೆಚ್ಚು ಕಡಿಮೆ ಆಗದಂತೆ ಭಾರ ಹಂಚಬೇಕು. ಕಾಲೇಜಿನಲ್ಲಿ ಬೀಮ್ ಬಾಗುವ ಲೆಕ್ಕವನ್ನು ಪರೀಕ್ಷೆಗೆ ಅಂತ ಬಿಡಿಸಿದ್ದೆ. ಅದು ಇಲ್ಲಿಗೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಕೆಲಸ ತುಂಬ ಇದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಗುರುತ್ವ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾಕ್ಕೆ 2023ರಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿದೆ. ಹಲವು ದೇಶ ಸೇರಿ ಕಟ್ಟುವ ಎಸ್‌ಕೆಎ ರೇಡಿಯೋ ದೂರದರ್ಶಕದಲ್ಲಿ ಭಾರತದ ಪಾಲಿಗೆ 1,250 ಕೋಟಿ. ಇದಕ್ಕೆಲ್ಲ ಎಲೆಕ್ಟ್ರಾನಿಕ್ಸ್ ಗೊತ್ತಿದ್ದು ಭೌತಶಾಸ್ತ್ರದ ಭಾಷೆಯೂ ಅರ್ಥವಾಗುವವರು ಬೇಕು. ನೀವು ಕಂಪನಿ ಸೇರುವ ಮೊದಲು ಒಂದು ಇಂಟರ್ನ್‌ಶಿಪ್‌ಗೆ ಪ್ರಯತ್ನ ಮಾಡಿ. ಎನ್‌ಸಿಆರ್‌ಎಯಲ್ಲಿ ಬೇಸಿಗೆಗೆ ವಿಎಸ್‌ಆರ್‌ಪಿ ಇದೆ, ಐಯುಕಾದಲ್ಲಿ ವಿಎಸ್‌ಪಿ, ಚಳಿಗಾಲದಲ್ಲಿ ಇಬ್ಬರೂ ಸೇರಿ ನಡೆಸುವ ರೇಡಿಯೋ ಖಗೋಳ ಶಾಲೆ.


ಎರಡು ಸಲ ಬರೆದವನು:

ನಾನು ಒಳಗೆ ಹೋಗಲು ಆಗದವನು. ಅದನ್ನೂ ಯಾರಾದರೂ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಊರು ಮಂಜೇಶ್ವರ, ಓದಿದ್ದು ಕಂಪ್ಯೂಟರ್ ಸೈನ್ಸ್.

ನಾನು ಕೆಲಸ ಬಿಟ್ಟು ಓದಿದೆ. ಅದೇ ತಪ್ಪಾಯಿತು ಅಂತ ಈಗ ಅನಿಸುತ್ತದೆ. ಮನೆಯಲ್ಲಿ ಕೂತು ಹನ್ನೆರಡು ಗಂಟೆ ಓದುತ್ತೇನೆ ಅಂದುಕೊಂಡೆ. ಮೊದಲ ಎರಡು ತಿಂಗಳು ಓದಿದೆ. ಆಮೇಲೆ ಮದುವೆ ಮನೆಗೆ ಹೋದರೆ "ಈಗ ಏನು ಮಾಡುತ್ತಿದ್ದೀಯ" ಅಂತ ಕೇಳುತ್ತಾರೆ, ಬ್ಯಾಂಕಿನಿಂದ ಮೆಸೇಜ್ ಬರುತ್ತದೆ, ಅಮ್ಮ ಏನೂ ಕೇಳುವುದಿಲ್ಲ, ಅದು ಇನ್ನೂ ಕಷ್ಟ. ಪುಸ್ತಕ ತೆರೆದಿದ್ದರೂ ತಲೆಗೆ ಹೋಗುತ್ತಿರಲಿಲ್ಲ. ಜೆಸ್ಟ್ ಎರಡು ಸಲ ಬರೆದೆ. ಎರಡನೇ ಸಲ ಇಂಟರ್‌ವ್ಯೂಗೆ ಕರೆದರು, ಆಗಲಿಲ್ಲ. ಆದ್ದರಿಂದ ಅಕ್ಕ ಹೇಳಿದ್ದೇ ಸರಿ. ಕೈಯಲ್ಲಿ ಸಂಬಳ ಇರಲಿ.

ಹಣದ ಲೆಕ್ಕ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪಿಎಚ್‌ಡಿಗೆ ಫೀಸು ಕಟ್ಟಿ ಓದುವುದಲ್ಲ, ಅವರೇ ಕೊಡುತ್ತಾರೆ. ಕೇಂದ್ರ ಸರಕಾರದ ಫೆಲೋಶಿಪ್ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಬೇರೆ. ಕಂಪನಿಯಲ್ಲಿ ಮುಂದೆ ಇದಕ್ಕಿಂತ ಜಾಸ್ತಿ ಬರುತ್ತದೆ, ನಿಜ. ಆದರೆ ಇದರಲ್ಲಿ ಒಬ್ಬರು ಬದುಕಿ, ಸಾಲದ ಕಂತು ಕಟ್ಟಿ, ಮನೆಗೂ ಸ್ವಲ್ಪ ಕಳಿಸಬಹುದು. ನಿನ್ನ ಅಪ್ಪನಿಗೆ ಇದನ್ನು ಹೇಳು. ನಮ್ಮ ಕಡೆ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ನನ್ನ ಅಪ್ಪ ಕೊನೆಯವರೆಗೂ ನಾನು ಇನ್ನೊಂದು ಕಾಲೇಜಿಗೆ ಫೀಸು ಕಟ್ಟಲು ಹೊರಟಿದ್ದೇನೆ ಅಂತಲೇ ತಿಳಿದಿದ್ದರು. ನಾನು ಬಿಡಿಸಿ ಹೇಳಿರಲಿಲ್ಲ.

ಈಗ ಮಂಗಳೂರಿನಲ್ಲಿ ಡೇಟಾ ಕೆಲಸದಲ್ಲಿದ್ದೇನೆ. ಆ ಎರಡು ವರ್ಷ ಕಲಿತ ಭೌತಶಾಸ್ತ್ರ ಇನ್ನೂ ಪ್ರೀತಿ. ರಾತ್ರಿ ಓದುತ್ತೇನೆ. ನೀನು ಬೇಕಾದರೆ ನನ್ನ ನೋಟ್ಸ್ ತೆಗೆದುಕೋ. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಪೂರ್ತಿ ಇದೆ.


ಕುಂಬಳೆ ಮಾಷ್ಟ್ರು:

ಮಗಳೇ, ನಾನು ನಿವೃತ್ತ ಹೈಸ್ಕೂಲ್ ಮಾಷ್ಟ್ರು, ಗಣಿತ ಮತ್ತು ವಿಜ್ಞಾನ. ಕನ್ನಡ ಮೀಡಿಯಂನಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನೀನು ಅಂಗಳದಲ್ಲಿ ಬಳೆಗಳನ್ನು ನೋಡಿದ ದಿನ ನಾನು ಶಾಲೆಯ ಮೈದಾನದಲ್ಲಿ ಮಕ್ಕಳ ಜೊತೆ ಇದ್ದೆ. ಅರ್ಧ ಮಕ್ಕಳನ್ನು ಮನೆಯಿಂದ ಕಳಿಸಿರಲಿಲ್ಲ. ಬಂದವರಲ್ಲಿ ಎಷ್ಟು ಜನರಿಗೆ ಅದು ಮನಸ್ಸಿನಲ್ಲಿ ಉಳಿದಿದೆಯೋ ಅಂತ ಆಗಾಗ ಯೋಚಿಸುತ್ತಿದ್ದೆ. ನಿನ್ನ ಬರಹ ಓದಿ ತುಂಬ ಸಂತೋಷವಾಯಿತು.

ಒಂದು ಸಲಹೆ. ಪೆರಿಯದಲ್ಲಿ ನಮ್ಮದೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಭೌತಶಾಸ್ತ್ರ ವಿಭಾಗವೂ ಇದೆ. ಮನೆಯ ಹತ್ತಿರವೇ ಎಂಎಸ್ಸಿ ಮಾಡಿ ಆಮೇಲೆ ಪುಣೆಗೆ ಹೋಗಬಹುದಲ್ಲವೇ?

ಇನ್ನು ನಿನ್ನ ಅಪ್ಪನ ವಿಷಯ. ತೋಟ ನೋಡಿಕೊಳ್ಳುವವರಿಗೆ ಕಾಯುವುದು ಗೊತ್ತು. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾದವರು ಅವರು. ಎಷ್ಟು ವರ್ಷ, ಯಾವಾಗ ಏನು, ಆಗದಿದ್ದರೆ ಮುಂದೇನು, ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡು. ಫೋನಿನಲ್ಲಿ ಹೇಳಬೇಡ. ಅಜ್ಜಿಯೂ ಕೇಳಿಸಿಕೊಳ್ಳಲಿ.


ಪೆರ್ಲದವಳು:

ಮಾಷ್ಟ್ರೇ, ನಮಸ್ಕಾರ. ಹಾಳೆಯಲ್ಲಿ ಬರೆದು ಕೊಡುವ ಮಾತು ತುಂಬ ಸರಿ. ಎಂಎಸ್ಸಿ ವಿಷಯದಲ್ಲಿ ಒಂದು ತೊಡಕಿದೆ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಭೌತಶಾಸ್ತ್ರ ಸೇರಲು ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿರಬೇಕು ಅಂತ ನಿಯಮ ಇರುತ್ತದೆ. ಜರ್ಮನಿಯಂಥ ಕಡೆಯೂ ಮಾಸ್ಟರ್ಸ್‌ಗೆ ಭೌತಶಾಸ್ತ್ರದ ಕ್ರೆಡಿಟ್ ಎಷ್ಟಿದೆ ಅಂತ ಎಣಿಸುತ್ತಾರೆ. ಕೇಳಲು ವಿಚಿತ್ರ, ಆದರೆ ನಮಗೆ ಎಂಎಸ್ಸಿಗಿಂತ ಪಿಎಚ್‌ಡಿಯ ಬಾಗಿಲೇ ಸುಲಭವಾಗಿ ತೆರೆಯುತ್ತದೆ. ಐಯುಕಾ ಮತ್ತು ಎನ್‌ಸಿಆರ್‌ಎಯಲ್ಲಿ ಸೇರಿದವರಿಗೆಲ್ಲ ಮೊದಲು ಒಟ್ಟಿಗೆ ಕೋರ್ಸ್‌ಗಳಿರುತ್ತವೆ, ಬಿಟ್ಟುಹೋದದ್ದನ್ನು ಅಲ್ಲಿ ತುಂಬಿಕೊಳ್ಳಬಹುದು. ನನಗೆ ಆ ವರ್ಷ ಜೀವ ಹೋಗುವಷ್ಟು ಕಷ್ಟವಾಯಿತು, ಆದರೂ ಅದೇ ನನ್ನನ್ನು ಉಳಿಸಿತು.

ತಂಗಿ, ನಿನ್ನ ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಆಸೆಯನ್ನು ನಂಬಬಹುದಾ ಅಂತ. ಅದನ್ನು ನಾವು ಯಾರೂ ಹೇಳಲು ಆಗುವುದಿಲ್ಲ, ನೀನೇ ಪರೀಕ್ಷೆ ಮಾಡಿ ನೋಡಬೇಕು. ಗ್ರಹಣ ಮೂರು ನಿಮಿಷದ್ದು. ಈ ಕೆಲಸದಲ್ಲಿ ಹತ್ತು ದಿನ ಬರೀ ಗದ್ದಲವೇ (ನಾಯ್ಸ್) ಇರುತ್ತದೆ. ಆ ಗದ್ದಲದ ಜೊತೆ ಕೂತಿರಲು ನಿನಗೆ ಇಷ್ಟವಾಗುತ್ತದಾ ಅಂತ ನೋಡು. ಅದಕ್ಕೆ ಪುಣೆಗೆ ಬರಬೇಕಾಗಿಲ್ಲ. ಮುಳ್ಳೇರಿಯಾದ ಅಂಗಳ ಸಾಕು.

ಒಂದು ಹಾರ್ನ್ ಆಂಟೆನಾ ಮಾಡು, ಬಾಯಿ ಅಗಲವಾದ ಕಹಳೆಯ ಹಾಗಿರುವುದು. ರಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೂ ನಡೆಯುತ್ತದೆ. ಹಿಂದೆ ವೇವ್‌ಗೈಡ್ ಆಗಿ ಒಂದು ಆಯತದ ತಗಡಿನ ಡಬ್ಬ, ಅಗಲ 16-17 ಸೆಂ.ಮೀ. ಇರಲಿ. ಪೇಂಟ್ ತಿನ್ನರಿನ ಡಬ್ಬ ಸರಿಯಾಗುತ್ತದೆ. 1420 ಮೆಗಾಹರ್ಟ್ಸ್‌ಗೆ ಒಂದು ಎಲ್‌ಎನ್‌ಎ (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವುದು), ಒಂದು ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಹಾಕುವ ರೇಡಿಯೋ), ನಿನ್ನ ಲ್ಯಾಪ್‌ಟಾಪ್. ಎಲ್ಲ ಸೇರಿ ಕೆಲವು ಸಾವಿರ ರೂಪಾಯಿ, ಕೊನೆಯ ವರ್ಷದ ಪ್ರಾಜೆಕ್ಟ್ ಆಗಿಯೇ ಮಾಡಬಹುದು. ಈ ಫ್ರೀಕ್ವೆನ್ಸಿಗೆ ಮೋಡ ಅಡ್ಡ ಇಲ್ಲ, ಹಾಗಾಗಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯ ನೆಪ ಹೇಳುವ ಹಾಗಿಲ್ಲ. ಈಗ ಸಂಜೆ ಏಳರ ಹೊತ್ತಿಗೆ ರಾಜಹಂಸ ನಕ್ಷತ್ರಪುಂಜ ಉತ್ತರಕ್ಕೆ ಎತ್ತರದಲ್ಲಿರುತ್ತದೆ. ಕ್ಷೀರಪಥ ಅಲ್ಲಿಂದಲೇ ಹಾದುಹೋಗುತ್ತದೆ. ಅತ್ತ ತಿರುಗಿಸು.


ಕಂಕಣ2019:

ಅಕ್ಕ, ಮಾಷ್ಟ್ರೇ, ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಮಂಜೇಶ್ವರದ ಅಣ್ಣ, ನೋಟ್ಸ್ ಖಂಡಿತ ಬೇಕು.

ಭಾನುವಾರ ಅಪ್ಪನಿಗೆ ಹಾಳೆ ಕೊಟ್ಟೆ. ಎರಡು ಸಲ ಓದಿದರು. 37,000ದ ಹತ್ತಿರ ಬೆರಳಿಟ್ಟು "ಇದು ಅವರು ನಿನಗೆ ಕೊಡುವುದಾ, ನಾವು ಕೊಡುವುದಾ?" ಅಂತ ಕೇಳಿದರು. ಅವರು ಕೊಡುವುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ವರ್ಷ ಕೆಲಸ ಮಾಡಿ ಆಮೇಲೆ ಹೋಗುವುದಾದರೆ ತಾನು ಬೇಡ ಅನ್ನುವುದಿಲ್ಲ ಅಂದರು. ಅಮ್ಮ ಅತ್ತರು, ಆದರೆ ಬೇಡ ಅನ್ನಲಿಲ್ಲ.

ತಿನ್ನರ್ ಡಬ್ಬ ಸಿಕ್ಕಿದೆ. ಅಟ್ಟದಲ್ಲಿ ಹಳೆಯ ತಗಡಿನ ಶೀಟ್ ಇತ್ತು, ರಟ್ಟು ಬೇಡ ಅಂತ ಅಪ್ಪ ಅದನ್ನೇ ಅಳತೆಗೆ ಕತ್ತರಿಸಿ ಕೊಟ್ಟರು. ಡಬ್ಬದ ಒಳಗೆ ಸಿಗ್ನಲ್ ಹಿಡಿಯುವ ತಂತಿ, ಪ್ರೋಬ್, ಎಷ್ಟು ಉದ್ದ ಇಡಬೇಕು ಅಕ್ಕ? ಮತ್ತೆ, ಬಂದ ಸಿಗ್ನಲ್ ಹೈಡ್ರೋಜನ್ನಿನದ್ದೇ, ನಮ್ಮ ಡಾಂಗಲ್‌ನ ಗದ್ದಲ ಅಲ್ಲ ಅಂತ ಹೇಗೆ ಗೊತ್ತಾಗುವುದು?


ಪೆರ್ಲದವಳು:

ಕಾಲು ಅಲೆಯುದ್ದ, 5.3 ಸೆಂ.ಮೀ. ತಾಮ್ರದ ತಂತಿ. ಸ್ವಲ್ಪ ಉದ್ದವೇ ಇಟ್ಟು, ಆಮೇಲೆ ಒಂದೊಂದು ಮಿಲಿಮೀಟರ್ ಕತ್ತರಿಸುತ್ತ ಬಾ. ತಗಡಿನ ಮೂಲೆಗಳಲ್ಲಿ ಸಂದು ಬಿಡಬೇಡ, ಫಾಯಿಲ್ ಟೇಪ್ ಹಚ್ಚು.

ಗದ್ದಲ ಹೌದಾ ಅಲ್ಲವಾ ನೋಡಲು ಮೊದಲು ಹಾರ್ನನ್ನು ನೆಲಕ್ಕೆ ಮುಖ ಮಾಡಿ ಐದು ನಿಮಿಷ ರೆಕಾರ್ಡ್ ಮಾಡು. ಆಮೇಲೆ ಕ್ಷೀರಪಥದಿಂದ ದೂರದ ಆಕಾಶಕ್ಕೆ ಐದು ನಿಮಿಷ. ಕೊನೆಗೆ ರಾಜಹಂಸಕ್ಕೆ. ಮೂರರಲ್ಲೂ ಒಂದೇ ಜಾಗದಲ್ಲಿ ಇರುವ ಸೂಜಿಯಂಥ ಗೆರೆ ಡಾಂಗಲ್‌ನದ್ದು ಅಥವಾ ಅಕ್ಕಪಕ್ಕದ ಮನೆಯದ್ದು. ರಾಜಹಂಸದಲ್ಲಿ ಮಾತ್ರ, 1420.4ರ ಆಸುಪಾಸು, ಅಗಲವಾದ ಒಂದು ಗುಡ್ಡದ ಹಾಗೆ ಎದ್ದರೆ ಅದು ಹೈಡ್ರೋಜನ್. ಗುಡ್ಡ ಯಾಕೆ ಅಗಲ ಅಂದರೆ ಆ ಅನಿಲ ಬೇರೆ ಬೇರೆ ವೇಗದಲ್ಲಿ ಓಡುತ್ತಿದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ 4.7 ಕಿಲೋಹರ್ಟ್ಸ್ ಸರಿಯುತ್ತದೆ. ಎಷ್ಟು ಕಿಲೋಹರ್ಟ್ಸ್ ಅಗಲ ಬಂತು ಅಂತ ಇಲ್ಲಿ ಬರೆ, ವೇಗದ ಲೆಕ್ಕ ಒಟ್ಟಿಗೆ ಮಾಡೋಣ.